ಅಕ್ಕೋರು ಮತ್ತು ಕಿವಿ ಚುಚ್ಚಿದ ಆಳು

ನಮ್ಮ ಪಕ್ಕದ ಮನೆಯ ಅಕ್ಕೋರು ತೀರಿಕೊಂಡ ಮೇಲೆ ಅವರ ಚರ್ಚಿನವರು ಒಂದು ನೆನಪಿನ ಸಭೆ ಇಟ್ಟುಕೊಂಡಿದ್ದರು. ನನ್ನನ್ನೂ ಮುಂದೆ ಕರೆದು, "ನೀವು ಬಾಜೂಮನಿಯವ್ರು, ಎರಡು ಮಾತು ಹೇಳ್ರಿ" ಎಂದು ಮೈಕು ಕೈಗೆ ಕೊಟ್ಟರು. ಮೈಕು ಹಿಡಿದ ಕೂಡಲೇ ನನಗೆ ನೆನಪಾದದ್ದು ಅಕ್ಕೋರು ಬೇವಿನ ಗಿಡದ ಕೆಳಗೆ ಕುಳಿತು ದೇವರ ಜೊತೆ ಜಗಳ ಆಡುತ್ತಿದ್ದದ್ದು. ಅದನ್ನು ಪಾಸ್ಟರರ ಎದುರಿಗೆ ಹೇಗೆ ಹೇಳುವುದು? "ಭಾಳ ಛಲೋ ಮನುಷ್ಯಾರಿದ್ರರಿ" ಎಂದಷ್ಟೇ ಹೇಳಿ ಬಂದು ಕುಳಿತೆ. ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಇವರು ಇಂಡಿಯಲ್ಲಿ ಕಲಿಸಿದರು, ಚಡಚಣದಲ್ಲಿ ಕಲಿಸಿದರು, ಮುದ್ದೇಬಿಹಾಳದಲ್ಲಿ ಬಹಳ ವರ್ಷ ಇದ್ದು, ಕೊನೆಗೆ ಬಸವನ ಬಾಗೇವಾಡಿಯ ನಮ್ಮ ಓಣಿಗೆ ಬಂದು ನಿವೃತ್ತರಾದರು. ನಿವೃತ್ತಿ ಆದದ್ದು ಸಂಬಳದ ಮಟ್ಟಿಗೆ ಮಾತ್ರ. ಪರ್ಸಿನಲ್ಲಿ ಸೀಮೆಸುಣ್ಣದ ತುಂಡು ಸದಾ ಇರುತ್ತಿತ್ತು. ಮುಂಜಾನೆ ಓಣಿಯ ನಾಯಿಗಳಿಗೆ ತಂಗಳು ರೊಟ್ಟಿ ಹಾಕುವಾಗ ಒಂದೊಂದನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ಕೂಗಿದ ನಾಯಿಯೇ ಮುಂದೆ ಬರಬೇಕು. ಬೇರೆಯದು ಬಂದರೆ, "ನಿನ್ನ ಹೆಸರು ಕರದೇನೇನ? ಹಿಂದ ಸರಿ" ಎನ್ನುವರು. ಅದು ನಿಜವಾಗಿಯೂ ಹಿಂದೆ ಸರಿಯುತ್ತಿತ್ತು. ನನ್ನ ಮಕ್ಕಳು ನನ್ನ ಮಾತನ್ನು ಅಷ್ಟು ಕೇಳಿದ್ದಿಲ್ಲ.

ಅವರು ಮದುವೆ ಆಗಿರಲಿಲ್ಲ. ಮನೆಯಲ್ಲಿ ಅವರ ಜೊತೆ ಇದ್ದವಳು ಶಾಂತವ್ವ. ಮುಳವಾಡದ ಕಡೆಯ ತಾಯಿಯಿಲ್ಲದ ಹುಡುಗಿ. ಚಿಕ್ಕವಳಿದ್ದಾಗ ಯಾರೋ ತಂದು ಬಿಟ್ಟಿದ್ದರಂತೆ. ಅಕ್ಕೋರು ವರ್ಗವಾಗಿ ಹೋದಲ್ಲೆಲ್ಲ ಅವಳೂ ಹೋದಳು. ಅವಳ ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿದ್ದರೂ ಅಕ್ಕೋರ ಬಾಯಲ್ಲಿ ಅವಳು ಇನ್ನೂ "ನಮ್ಮ ಹುಡುಗಿ". ರೊಟ್ಟಿ ಬಡಿಯುವುದು, ನೀರು ತುಂಬುವುದು, ಅಕ್ಕೋರ ಮೊಣಕಾಲಿಗೆ ಎಣ್ಣೆ ತಿಕ್ಕುವುದು, ಇಂಡಿಯಿಂದ ನಿಂಬೆಹಣ್ಣು ಬಂದಾಗ ಉಪ್ಪಿನಕಾಯಿ ಹಾಕುವುದು ಎಲ್ಲ ಅವಳದೇ. ಸಂಬಳ ಅಂತ ಏನೂ ಇರಲಿಲ್ಲ. "ಸಂಬಳ ಕೊಡಾಕ ಅಕಿ ಏನ್ ಆಳೇನ? ಮನಿ ಮಗಳಿದ್ದಂಗ" ಎಂದು ಅಕ್ಕೋರು ಹೇಳಿದರೆ ನಾವೆಲ್ಲ ತಲೆ ಆಡಿಸುತ್ತಿದ್ದೆವು. ನನ್ನ ತವರು ನಾಲತವಾಡದಲ್ಲೂ ಹಾಗೇ ಇತ್ತು, ನನಗೆ ಅದರಲ್ಲಿ ವಿಚಿತ್ರ ಅನ್ನಿಸುವಂಥದ್ದು ಏನೂ ಕಂಡಿರಲಿಲ್ಲ.

ರವಿವಾರ ಚರ್ಚಿನಿಂದ ಬಂದು, ಉಂಡು, ಒಂದು ನಿದ್ದೆ ತೆಗೆದು, ಬಿಸಿಲು ಇಳಿದ ಮೇಲೆ ಅಕ್ಕೋರು ಹಿತ್ತಲಿನ ಬೇವಿನ ಗಿಡದ ಕೆಳಗೆ ಬೈಬಲ್ಲು ತೆಗೆದುಕೊಂಡು ಕೂಡುವರು. ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಮೊದಲ ಪುಟದಿಂದ ಶುರುಮಾಡಿ ಕೊನೆಯ ಪುಟದವರೆಗೆ, ಮುಗಿದರೆ ಮತ್ತೆ ಮೊದಲಿಂದ. ಇಂಥವನ ಮಗ ಇಂಥವ, ಅವನ ಮಗ ಇಂಥವ ಎಂದು ಬರುವ ಉದ್ದನೆಯ ವಂಶಾವಳಿಯನ್ನೂ ಬಿಡುತ್ತಿರಲಿಲ್ಲ. ನಾನು ಒಮ್ಮೆ ಆಕಳಿಸಿದ್ದಕ್ಕೆ, "ಹಾಜರಿ ತಗೋಳ್ಳೂವಾಗ ಒಂದು ಹೆಸರು ಬಿಡಾಕ ಬರತೈತೇನ ತಂಗಿ?" ಎಂದು ಗದರಿಸಿದ್ದರು. ಕೇಳುವವರು ನಾವು ಮೂರು ಮಂದಿ. ಶಾಂತವ್ವ ಜೋಳ ಹಸನು ಮಾಡುತ್ತ ಕುಳಿತಿರುವಳು, ನಾನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕುಳಿತಿರುವೆ. ಮೂರನೆಯವರು ನಮ್ಮ ಆಚೆ ಮನೆಯ ಮಾಸ್ತರರು.

ಮಾಸ್ತರರು ಸಿಂದಗಿ ಕಡೆಯವರು, ನಿವೃತ್ತ ಹೆಡ್‌ಮಾಸ್ತರ್, ಬೌದ್ಧರು. ಬರುವಾಗ ತಮ್ಮ ಕುರ್ಚಿಯನ್ನು ತಾವೇ ಹೊತ್ತುಕೊಂಡು ಬರುತ್ತಿದ್ದರು, ಅಕ್ಕೋರ ಮನೆಯ ಕುರ್ಚಿಗಳು ತಗ್ಗು ಎಂದು. ಅಕ್ಕೋರ ಹತ್ತಿರ ಇದ್ದ ಇನ್ನೊಂದು ಹಳೆಯ ಬೈಬಲ್ಲನ್ನು ಕೇಳಿ ಒಯ್ದು, ಇವರ ಜೊತೆ ಜಗಳ ಆಡುವುದಕ್ಕೆಂದೇ ಓದಿ ಮುಗಿಸಿದ್ದರು. ಪುಟಗಳ ನಡುವೆಲ್ಲ ಬಸ್ಸಿನ ಟಿಕೀಟು ಸಿಗಿಸಿ ಗುರುತು ಮಾಡಿಕೊಂಡಿರುತ್ತಿದ್ದರು. ಒಂದೊಂದು ಟಿಕೀಟೂ ಒಂದೊಂದು ತಂಟೆ.

ಅವರ ದೊಡ್ಡ ತಂಟೆ ಗುಲಾಮರದ್ದು.

"ಅಕ್ಕೋರ, ನಿಮ್ಮ ದೇವ್ರು ಹಂದಿ ತಿನ್ನಬ್ಯಾಡ ಅಂದ. ಸಿಗಡಿ ತಿನ್ನಬ್ಯಾಡ ಅಂದ. ಎರಡು ನಮೂನಿ ನೂಲು ಕೂಡಿಸಿದ ಅರಿವಿ ಉಟಗೋಬ್ಯಾಡ ಅಂದ. ಇಷ್ಟೆಲ್ಲಾ ಖಡಕ್ ಹೇಳಿದಾಂವಗ, ಮನುಷ್ಯಾನ್ನ ಕೊಳ್ಳಬ್ಯಾಡ, ಮಾರಬ್ಯಾಡ ಅಂತ ಒಂದ ಮಾತು ಹೇಳಾಕ ಏನ್ ಧಾಡಿ ಆಗಿತ್ತ್ರಿ?"

"ಆಗಿನ ಕಾಲದಾಗ ಎಲ್ಲಾ ಕಡೆ ಇತ್ತರಿ ಮಾಸ್ತರ. ಮಂದಿ ಮನಸ್ಸು ಕಲ್ಲು. ಒಮ್ಮೆಲೆ ಬಿಡು ಅಂದ್ರ ಬಿಡ್ತಿದ್ದಿಲ್ಲ. ಅದಕ್ಕ ಮೊದಲ ಕಟ್ಟು ಹಾಕಿದ. ಏಳನೇ ವರ್ಷಕ್ಕ ಬಿಟ್ಟುಬಿಡು, ಹಲ್ಲು ಮುರದ್ರ ಬಿಟ್ಟುಬಿಡು ಅಂತ."

"ಹಂದಿ ಮಾತ್ರ ಒಮ್ಮೆಲೆ ಬಿಟ್ರೇನು?"

ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸುವರು. ಉತ್ತರ ಸಿಕ್ಕದಾಗ ಅವರು ಹಾಗೆ ಮಾಡುತ್ತಿದ್ದರು. ಬೇರೆಯವರಾದರೆ ಮಾತು ತಿರುಗಿಸಿಬಿಡುತ್ತಿದ್ದರು. ಇವರು ಒರೆಸಿ, ಮತ್ತೆ ಹಾಕಿಕೊಂಡು, "ಈ ಉತ್ತರಕ್ಕ ಅರ್ಧ ಮಾರ್ಕ್ಸ್ ರಿ. ಮುಂದಿನ ರವಿವಾರ ಮತ್ತ ನೋಡೂಣು" ಎನ್ನುವರು. ತಮ್ಮ ಉತ್ತರಕ್ಕೇ ತಾವೇ ಅರ್ಧ ಮಾರ್ಕ್ಸ್!

ಬೈಬಲ್ಲಿನ ಕೊನೆಯ ಕಡೆ ಒಂದು ಕತೆ ಬರುತ್ತದೆ: ಒಬ್ಬ ಆಳು ಮಾಲಕನ ಮನೆಯಿಂದ ಓಡಿಬಂದು ದೊಡ್ಡ ಸಂತನೊಬ್ಬನ ಹತ್ತಿರ ಸೇರುತ್ತಾನೆ. ಆ ಸಂತ ಅವನ ಕೈಯಲ್ಲಿ ಚೀಟಿ ಕೊಟ್ಟು, ಇವನನ್ನು ಆಳೆಂದು ತಿಳಿಯಬೇಡ, ತಮ್ಮನೆಂದು ತಿಳಿ ಎಂದು ಬರೆದು ಮಾಲಕನ ಹತ್ತಿರವೇ ಕಳಿಸುತ್ತಾನೆ. ಅಕ್ಕೋರಿಗೆ ಅದು ಬಹಳ ಪ್ರೀತಿಯ ಭಾಗ. ಓದಿ ಕಣ್ಣೀರು ತಂದುಕೊಂಡರು. ಮಾಸ್ತರರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ಚೀಟಿ ಛಲೋ ಐತ್ರಿ. ಆದ್ರ ನಡುದಾರ್ಯಾಗ ಮಳಿ ಬಂದು ಚೀಟಿ ತೊಯ್ದಿದ್ರ?" ಎಂದರು. ಶಾಂತವ್ವ ಮೊರ ಬಿಟ್ಟು ಬಾಯಿಗೆ ಸೆರಗು ಒತ್ತಿ ನಕ್ಕಳು. ಅಕ್ಕೋರೂ ನಕ್ಕರು. ನಕ್ಕು, ಕನ್ನಡಕ ತೆಗೆದರು.

ಒಮ್ಮೆ ಬಿಜಾಪುರದಿಂದ ಹರೆಯದ ಪಾಸ್ಟರರೊಬ್ಬರು ಬಂದವರು ಈ ವಾದ ಕೇಳಿ, "ಅವರು ಹೆಸರಿಗಷ್ಟೇ ಗುಲಾಮರು, ಮನೆ ಮಂದಿಯ ಹಾಗೆ ಇರುತ್ತಿದ್ದರು" ಎಂದು ಸಮಾಧಾನ ಹೇಳಿದರು.

"ಮನಿ ಮಂದಿ ಹಂಗ ಇದ್ರ ಆಸ್ತಿ ಪಾಲಿನ್ಯಾಗ ಹೆಸರು ಇರ್ತಿತ್ತೇನ್ರಿ?" ಎಂದರು ಮಾಸ್ತರರು. ಪಾಸ್ಟರರು ಮೊಬೈಲಿನಲ್ಲಿ ಏನೋ ಹುಡುಕತೊಡಗಿದರು. ಮಾಸ್ತರರ ದನಿ ಮೆತ್ತಗಾಯಿತು. "ನಮ್ಮಪ್ಪ ಗೌಡರ ಮನ್ಯಾಗ ವರ್ಷದ ಆಳಾಗಿ ದುಡದಾಂವ್ರಿ. ಅಂವಗೂ ಮನಿ ಮಂದಿ ಹಂಗ ಅಂತಿದ್ರು. ಯುಗಾದಿಗೆ ಬಿಟ್ಟು ಬರೂವಾಗ ಹೊಸ್ತಿಲ ಮುಂದ ಗಂಟು ಬಿಚ್ಚಿ ತೋರಿಸಬೇಕು, ಒಳಗ ಅವರ ಸಾಮಾನು ಏನೂ ಇಲ್ಲಂತ. ತೋರಿಸಿದ ಮ್ಯಾಲ ಒಂದು ಕಂಬಳಿ ಕೊಟ್ಟು ಕಳಸ್ತಿದ್ರು. ನಾ ಅಪ್ಪನ ಮಗ್ಗಲಕ ನಿಂತು ನೋಡೇನಿ."

ನಮ್ಮ ತವರಿನಲ್ಲೂ ಗಂಟು ಬಿಚ್ಚಿಸುತ್ತಿದ್ದರು. ನಾನು ಮೆಣಸಿನಕಾಯಿ ಮುರಿಯುವುದನ್ನು ಬಿಡಲಿಲ್ಲ, ಆದರೆ ತಲೆ ಎತ್ತಲಿಲ್ಲ. ಅಕ್ಕೋರು ಪಾಸ್ಟರರಿಗೆ ಚಹಾ ಕುಡಿಸಿ, "ಮುಂದಿನ ಸಲ ಬರೂವಾಗ ಪಾಠ ತಯಾರಿ ಮಾಡ್ಕೊಂಡು ಬಾರಪಾ" ಎಂದು ಕಳಿಸಿದರು.

ಆ ಹೊತ್ತಿಗೆ ನನಗೊಂದು ಸಂಗತಿ ಗೊತ್ತಿತ್ತು, ಅಕ್ಕೋರಿಗೆ ಗೊತ್ತಿರಲಿಲ್ಲ. ನಳದ ಹತ್ತಿರ ಕೊಡ ತುಂಬುವಾಗ ಶಾಂತವ್ವ ನನಗೆ ಹೇಳಿದ್ದಳು: ಸಿಂದಗಿಯ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆಯವಳು ಬೇಕಾಗಿದ್ದಾಳೆ, ಅವಳ ಸೋದರಮಾವನ ಮಗಳು ಅಲ್ಲೇ ಇದ್ದಾಳೆ, ಇರಲಿಕ್ಕೆ ಒಂದು ಖೋಲಿ ಕೊಡುತ್ತಾರೆ. ಯುಗಾದಿಯೊಳಗೆ ಬರುತ್ತೀಯೋ ಇಲ್ಲವೋ ಹೇಳಬೇಕು.

"ಹೋಗ್ತೀಯೇನ?" ಎಂದೆ.

"ಖೋಲಿಗೆ ಒಳಗಿಂದ ಚಿಲಕ ಐತಂತ್ರಿ" ಎಂದಳು, ಹಬ್ಬದ ಸುದ್ದಿ ಹೇಳುವವಳ ಹಾಗೆ. ಆಮೇಲೆ ಮುಖ ಇಳಿಯಿತು. "ಹೆಂಗ ಹೋಗ್ಲಿ? ಅಕ್ಕೋರ ಕಾಲು ನೋಡಿರಲ್ಲ. ನಾ ಕೇಳಿದ್ರ ಹೂಂ ಅಂದಾರು, ಆದ್ರ ಒಳಗ ಕೊರಗತಾರ. ಬ್ಯಾಡ್ರಿ. ನೀವು ಹೇಳಬ್ಯಾಡ್ರಿ ಮತ್ತ."

ನಾನು ಹೇಳಲಿಲ್ಲ. ಹೇಳಬೇಕು ಅನ್ನಿಸುತ್ತಿತ್ತು, ಆದರೆ ಇಬ್ಬರ ನಡುವಿನ ಗೋಡೆ ನಾನು. ಯಾವ ಕಡೆಗೆ ಬಿದ್ದರೂ ಕಷ್ಟ.

ಹೋಳಿ ಮುಗಿದ ಮೇಲಿನ ಒಂದು ರವಿವಾರ ಓದು ಆಳುಗಳ ಕಾನೂನಿನ ಅಧ್ಯಾಯಕ್ಕೆ ಬಂದಿತು. ಏಳನೆಯ ವರ್ಷ ಆಳಿಗೆ ಬಿಡುಗಡೆ. ಆದರೆ ಅವನು ನನ್ನ ಧಣಿಯ ಮೇಲೆ ನನಗೆ ಪ್ರೀತಿ, ನಾನು ಹೋಗಲಾರೆ ಎಂದರೆ, ಅವನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ದಬ್ಬಳದಿಂದ ಕಿವಿ ಚುಚ್ಚಬೇಕು. ಆಮೇಲೆ ಅವನು ಕಡೆಯವರೆಗೆ ಅದೇ ಮನೆಯ ಆಳು. ಅಕ್ಕೋರು ಈ ಕತೆಯನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಎಷ್ಟು ಸಲ ಹೇಳಿದ್ದರೆಂದರೆ, ಅಲ್ಲಿಗೆ ಬಂದ ಕೂಡಲೇ ಪುಸ್ತಕ ಮುಚ್ಚಿ, ಬೆರಳು ಒಳಗಿಟ್ಟುಕೊಂಡು, ಬಾಯಿಪಾಠದಿಂದಲೇ ಹೇಳಿದರು. ದಬ್ಬಳ ಬಂದಾಗ ತಮ್ಮ ಕಿವಿ ಹಿಡಿದು ತೋರಿಸಿದರು. "ನೋಡ್ರಿ, ಬಿಡುಗಡಿ ಕೈಯಾಗ ಇದ್ರೂ ಪ್ರೀತಿಗೋಸ್ಕರ ಉಳಕೊಂಡ. ಎಂಥಾ ಮನುಷ್ಯಾ!"

ಮಾಸ್ತರರು ಒಂದು ಬಸ್ಸಿನ ಟಿಕೀಟು ಹೊರಗೆ ಎಳೆದರು. "ನಡುವ ಒಂದು ಸಾಲು ಹಾರಿಸಿದ್ರಿ ಅಕ್ಕೋರ."

"ಯಾರು? ನಾನು? ಹಾರಸೂದು?" ಅಕ್ಕೋರಿಗೆ ನಿಜವಾಗಿಯೂ ಸಿಟ್ಟು ಬಂತು. ಪುಸ್ತಕ ತೆರೆದು, ಬೆರಳಿಟ್ಟು, ಒಂದೊಂದೇ ಅಕ್ಷರ ಒತ್ತಿ ಓದಿದರು. ಧಣಿ ಅವನಿಗೆ ಹೆಂಡತಿಯನ್ನು ತಂದು ಕೊಟ್ಟಿದ್ದರೆ, ಮಕ್ಕಳು ಆಗಿದ್ದರೆ, ಹೆಂಡತಿ ಮಕ್ಕಳು ಧಣಿಗೇ ಸೇರಿದವರು. ಆಳು ಒಬ್ಬನೇ ಹೊರಗೆ ಹೋಗಬೇಕು.

ಓದಿದವರು ಮತ್ತೊಮ್ಮೆ ಓದಿದರು, ಈ ಸಲ ದನಿಯಿಲ್ಲದೆ.

"ಹಂಗಾದ್ರ ಅಂವ ಉಳಿದದ್ದು ಧಣಿ ಪ್ರೀತಿಗೆ ಅಲ್ಲ" ಎಂದರು ತಮಗೆ ತಾವೇ. "ಕೂಸುಗಳು ಒಳಗ ಉಳದಿದ್ವು. ಯವ್ವಾ, ಈ ಸಾಲು ಬಿಟ್ಟು ನಾ ಎಷ್ಟು ಮಕ್ಕಳಿಗೆ ಕತಿ ಹೇಳೇನಿ ಮಾಸ್ತರ!"

ಗೆದ್ದ ಮಾಸ್ತರರಿಗೇ ಮುಜುಗರ ಆಯಿತು. "ಇರ್ಲಿ ಬಿಡ್ರಿ, ಹಳೇ ಕತಿ" ಎಂದರು. "ಒಂದ ಮಾತು ನನಗ ತಿಳೀಲಿಲ್ಲ ನೋಡ್ರಿ, ಅಷ್ಟ. ಧಣಿಗೂ ಆಳಿನ ಮ್ಯಾಲ ಪ್ರೀತಿ ಇದ್ದಿದ್ರ, ಧಣಿ ಕಿವೀನೂ ಯಾಕ ಚುಚ್ಚಲಿಲ್ಲ?"

ಅಕ್ಕೋರ ಕಣ್ಣು ಜೋಳದ ಮೊರದ ಹಿಂದೆ ಕುಳಿತ ಶಾಂತವ್ವನ ಕಿವಿಯ ಮೇಲಿತ್ತು. ಆ ಕಿವಿ ಚುಚ್ಚಿಸಿದವರು ಅಕ್ಕೋರೇ. ಅವಳು ಮನೆಗೆ ಬಂದ ಹೊಸದರಲ್ಲಿ, ಹೆಣ್ಣುಮಗುವಿನ ಕಿವಿ ಬರಿದು ಇರಬಾರದೆಂದು ಅಕ್ಕಸಾಲಿಗನ ಹತ್ತಿರ ಕರೆದೊಯ್ದು, ಅಳುವ ಹುಡುಗಿಗೆ ಪೇಢೆ ತಿನ್ನಿಸಿ ಹಾಕಿಸಿದ ಬೆಂಡೋಲೆ. ಅದನ್ನೂ ನಮಗೆ ಎಷ್ಟೋ ಸಲ ಹೇಳಿದ್ದರು.

"ಶಾಂತಾ, ನಿನಗ ಎಲ್ಲೆರ ಹೋಗೂ ಮನಸ್ಸು ಐತೇನ?"

ಶಾಂತವ್ವ ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. "ನಾ ನಿಮ್ಮ ಬಿಟ್ಟು ಎಲ್ಲಿ ಹೋಗ್ಲ್ರಿ ಅಕ್ಕೋರ. ನಿಮ್ಮ ಮ್ಯಾಲ ಜೀವಾ ನಂದು."

"ಆ ಮಾತು ಆಡಬ್ಯಾಡ!" ಅಕ್ಕೋರು ಹೌಹಾರಿದರು. ಗಿಡದ ಮೇಲಿನ ಕಾಗೆ ಹಾರಿಹೋಯಿತು. "ಅದ ಮಾತು ಪುಸ್ತಕದಾಗ ಅಂವ ಆಡ್ಯಾನ! ನನ್ನ ಕಾಲು, ನನ್ನ ರೊಟ್ಟಿ, ಎಲ್ಲಾ ಮರತು ಹೇಳು. ನಾ ಇಲ್ಲೇ ಇಲ್ಲಂತ ತಿಳಕೋ. ಮನಸ್ಸು ಐತಿ, ಇಲ್ಲ?"

ಶಾಂತವ್ವ ಜೋಳದಲ್ಲಿ ಬೆರಳು ಆಡಿಸಿದಳು. ಆಮೇಲೆ ಸಿಂದಗಿ, ಹಾಸ್ಟೆಲ್ಲು, ಸೋದರಮಾವನ ಮಗಳು, ಖೋಲಿ, ಚಿಲಕ ಎಲ್ಲ ಒಂದೇ ಉಸಿರಿನಲ್ಲಿ ಹೊರಗೆ ಬಂತು.

ಅಕ್ಕೋರು ನನ್ನ ಕಡೆ ತಿರುಗಿದರು. "ನಿನಗ ಗೊತ್ತಿತ್ತೇನ ತಂಗಿ?"

"ಹೌದ್ರಿ."

"ಮಾಸ್ತರ, ನಿಮಗ?"

"ನನಗ ನನ್ನ ಹೆಣ್ತಿ ಹೇಳ್ಯಾಳ್ರಿ" ಎಂದರು ಮಾಸ್ತರರು, ತಪ್ಪು ಮಾಡಿದ ವಿದ್ಯಾರ್ಥಿಯ ಹಾಗೆ.

"ಅಂದ್ರ ಓಣಿಗೆಲ್ಲಾ ಗೊತ್ತು. ನಾಯಿಗಳಿಗೂ ಗೊತ್ತಿರಬೇಕು. ನನ್ನ ಮುಂದ ಬಾಯಿ ಬಿಡಾಕ ಮಾತ್ರ ಯಾರಿಗೂ ಧೈರ್ಯಿಲ್ಲ" ಎಂದು ಎದ್ದು, ಪುಸ್ತಕವನ್ನು ಎದೆಗೆ ಅವಚಿಕೊಂಡು ಒಳಗೆ ಹೋದರು. ಒಂದೆರಡು ದಿವಸ ನಮ್ಮ ಯಾರ ಜೊತೆಗೂ ಮಾತಿಲ್ಲ. ನಾಯಿಗಳ ಹಾಜರಿಯೂ ಇಲ್ಲ. ರೊಟ್ಟಿಯನ್ನು ಒಮ್ಮೆಲೇ ಎಸೆದು ಬಾಗಿಲು ಹಾಕಿಕೊಂಡರು. ಶಾಂತವ್ವ ಗೋಡೆಯ ಹತ್ತಿರ ಬಂದು, "ಸಿಟ್ಟಾಗ್ಯಾರ್ರಿ. ನಾ ಹೊಕ್ಕೇನಿ ಅಂದದ್ದ ತಪ್ಪಾತು" ಎಂದು ಕಣ್ಣೊರೆಸಿಕೊಂಡಳು. ಹಾಸ್ಟೆಲ್ಲಿಗೆ ಬರುವುದಿಲ್ಲ ಎಂದು ಫೋನು ಮಾಡಿಸಲು ನನ್ನ ಮೊಬೈಲು ಕೇಳಿದಳು. ಚಾರ್ಜ್ ಇಲ್ಲ ಎಂದು ಸುಳ್ಳು ಹೇಳಿದೆ. ಅದೊಂದು ಸುಳ್ಳಿಗೆ ಇವತ್ತಿಗೂ ನನಗೆ ಸಂತೋಷವಿದೆ.

ಮರುದಿನ ಮುಂಜಾನೆ ಅಕ್ಕೋರು ಗೋಡೆಯ ಮೇಲಿಂದ ನನ್ನನ್ನೂ ಮಾಸ್ತರರನ್ನೂ ಕರೆದರು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಪ್ರಾರ್ಥನೆಯ ಗಂಟೆ ಹೊಡೆಸುವ ದನಿ.

"ಮಾಸ್ತರ, ಮುಂದ ಇನ್ನೊಂದು ಕಡೆ ದೇವ್ರು ಹೇಳ್ಯಾನ ನೋಡ್ರಿ. ಬಿಡುಗಡಿ ಮಾಡೂವಾಗ ಬರೇ ಕೈಲೆ ಕಳಸಬ್ಯಾಡ. ಹಿಂಡಿನ್ಯಾಗಿಂದ ಕೊಡು, ಕಣದಾಗಿಂದ ಕೊಡು, ದ್ರಾಕ್ಷಿ ತೊಟ್ಟಿಯೊಳಗಿಂದ ಕೊಡು."

"ದ್ರಾಕ್ಷಿ ಚಡಚಣದಿಂದ ತರಸ್ತೀರೇನ್ರಿ?" ಎಂದರು ಮಾಸ್ತರರು.

"ಚ್ಯಾಷ್ಟಿ ಬ್ಯಾಡ. ಈ ಒಂದು ಮಾತು ನನಗ ಪೂರಾ ಒಪ್ಪಿಗಿ. ಆ ಕಿವಿ ಚುಚ್ಚೂ ಮಾತು ಒಪ್ಪಿಗಿಲ್ಲ, ಒಪ್ಪೂದೂ ಇಲ್ಲ. ಪರದೇಶದ ರಾಜನ ಇಟ್ಟಂಗಿ ಮಾಡೂ ಜೀತದಾಗಿಂದ ಅಷ್ಟು ಮಂದೀನ್ನ ಬಿಡಿಸಿ ತಂದ ದೇವ್ರು, ನಾಕು ಪುಟ ಆದ ಮ್ಯಾಲ ಹಿಂಗ್ಯಾಕ ಹೇಳಿದ ಅಂತ ಮ್ಯಾಲ ಹೋದ ದಿನಾ ನಾನ ಕೇಳ್ತೇನಿ. ಪುಸ್ತಕಾ ಮಾತ್ರ ಬಿಡಾಕಿ ಅಲ್ಲ. ನನ್ನ ತಪ್ಪು ತೋರಿಸಿದ್ದೂ ಅದ ಪುಸ್ತಕದಾಗಿನ ಸಾಲ ಐತಿ."

"ಪೂರಾ ಮಾರ್ಕ್ಸ್ ಕೊಡೂದಿಲ್ರಿ" ಎಂದರು ಮಾಸ್ತರರು, "ಆದ್ರ ಪಾಸು."

ಯುಗಾದಿಯ ಹಿಂದಿನ ವಾರವೆಲ್ಲ ಆ ಮನೆಯಲ್ಲಿ ಮದುವೆ ಮನೆಯ ಗದ್ದಲ. ಹಿಂಡಿನಲ್ಲಿ ಒಂದೇ ಒಂದು ಮೇಕೆ ಇತ್ತು. ಹಾಸ್ಟೆಲ್ಲಿನಲ್ಲಿ ಕಟ್ಟಲು ಜಾಗವಿಲ್ಲ ಎಂದು ಶಾಂತವ್ವ ಬೇಡವೆಂದಳು. ಅದರ ಬದಲು ಅಕ್ಕೋರ ಮಿಕ್ಸರ್ ಕೇಳಿದಳು. ಅಕ್ಕೋರಿಗೆ ಮಿಕ್ಸರ್ ಮೇಲೆ ಬಹಳ ಪ್ರೀತಿ, ಮುಖ ಸ್ವಲ್ಪ ಸಣ್ಣದಾಯಿತು, ಆದರೂ ಕೊಟ್ಟರು. ಜೋಳ ಒಂದು ಚೀಲ, ನಿಂಬೆ ಉಪ್ಪಿನಕಾಯಿ, ಹೊಸ ಸೀರೆ. ತಮ್ಮ ಕೊರಳಿನ ಬಂಗಾರದ ಸರ ತೆಗೆದು ಅವಳ ಕೊರಳಿಗೆ ಹಾಕಿದಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಇದು ಉಡುಗೊರಿ ಅಲ್ಲ, ದಾನಾನೂ ಅಲ್ಲ" ಎಂದರು ಅಕ್ಕೋರು. "ನಿಂದ ನಿನಗ ತಡ ಮಾಡಿ ಕೊಡಾಕತ್ತೇನಿ. ಸುಮ್ನ ಹಾಕ್ಕೋ."

ಹೊರಡುವ ದಿನ ರಿಕ್ಷಾ ಬಂದು ನಿಂತಿತ್ತು. ಶಾಂತವ್ವ ತನ್ನ ತಗಡಿನ ಟ್ರಂಕನ್ನು ಹೊಸ್ತಿಲ ಹತ್ತಿರ ಇಟ್ಟು, ಕುಕ್ಕರಗಾಲಲ್ಲಿ ಕುಳಿತು ಕೊಂಡಿ ತೆಗೆದಳು. "ನೋಡ್ರಿ ಅಕ್ಕೋರ, ನಿಮ್ಮ ಸಾಮಾನು ಒಂದೂ ಇಲ್ಲ..."

ಮಾಸ್ತರರ ಮುಖ ಕಪ್ಪಿಟ್ಟಿತು. ಅಕ್ಕೋರು ನೋಡಿದರು. ಆ ಮೊಣಕಾಲುಗಳಿಗೆ ಎಲ್ಲಿಂದ ಬಲ ಬಂತೋ, ಬಂದವರೇ ಟ್ರಂಕಿನ ಮುಚ್ಚಳ ಧಡ್ ಎಂದು ಹಾಕಿ ಅದರ ಮೇಲೆ ಕುಳಿತುಬಿಟ್ಟರು.

"ತಗೀ ನೋಡೂಣು ಈಗ! ಅದೆಂಗ ತಗೀತಿ ನೋಡ್ತೇನಿ!"

"ಬಸ್ಸು ಹೊಕ್ಕೈತ್ರಿ ಅಕ್ಕೋರ, ಏಳ್ರಿ!"

"ತಗಿಯಾಂಗಿಲ್ಲ ಅಂತ ಮಾತು ಕೊಡು, ಏಳ್ತೇನಿ."

ಕೊಟ್ಟಳು. ಕೊಟ್ಟ ಮೇಲೂ ಅಕ್ಕೋರಿಗೆ ಏಳಲು ಬರಲಿಲ್ಲ, ಮೊಣಕಾಲು ಹಿಡಿದಿತ್ತು. ಮಾಸ್ತರರು ಒಂದು ರಟ್ಟೆ, ನಾನು ಒಂದು ರಟ್ಟೆ ಹಿಡಿದು ಎಬ್ಬಿಸಿದೆವು. ಎಲ್ಲರೂ ನಗುತ್ತಿದ್ದೆವು, ಎಲ್ಲರ ಮೂಗೂ ಸೋರುತ್ತಿತ್ತು.

ಆಮೇಲೆ ಅಕ್ಕೋರು ನನ್ನಿಂದ ರೊಟ್ಟಿ ಬಡಿಯುವುದನ್ನು ಕಲಿತರು. ಆ ವಯಸ್ಸಿನಲ್ಲಿ! ಮೊದಮೊದಲು ಹಂಚಿನ ಮೇಲೆ ಒಂದೊಂದು ದೇಶದ ನಕಾಶೆ ಬೀಳುತ್ತಿತ್ತು. "ಇವತ್ತು ಆಸ್ಟ್ರೇಲಿಯಾ ಆತು ತಂಗಿ" ಎಂದು ಕೂಗಿ ಹೇಳುವರು. ಪಾತ್ರೆ ತೊಳೆಯಲು ಒಬ್ಬಾಕೆಯನ್ನು ಗೊತ್ತು ಮಾಡಿ ತಿಂಗಳ ಮೊದಲ ದಿನವೇ ಪಗಾರ ಕೊಡತೊಡಗಿದರು. ಸಂಡೇ ಸ್ಕೂಲಿನಲ್ಲಿ ಆ ಕತೆಯನ್ನು ಹಾರಿಸಿದ್ದ ಸಾಲು ಸೇರಿಸಿ ಹೇಳಿ, ಇದು ಸರಿಯೋ ತಪ್ಪೋ ಎಂದು ಮಕ್ಕಳ ಕೈ ಎತ್ತಿಸಿದರಂತೆ. ಅದಕ್ಕೆ ಚರ್ಚಿನಲ್ಲಿ ಸ್ವಲ್ಪ ಗುಸುಗುಸು ಆಯಿತು. ಅಕ್ಕೋರು ಕನ್ನಡಕ ಒರೆಸಿಕೊಂಡರು.

ಮೊದಲನೆಯ ರಜೆಗೆ ಶಾಂತವ್ವ ಬಂದಳು. ಮೈ ತುಂಬಿಕೊಂಡಿದ್ದಳು, ಕೈಯಲ್ಲಿ ಮೊಬೈಲು. ಚಪ್ಪಲಿ ಬಿಟ್ಟವಳೇ ರೂಢಿಯಂತೆ ಅಡುಗೆ ಮನೆಯ ಕಡೆ ನಡೆದಳು. ಅಕ್ಕೋರು ಅಡ್ಡ ನಿಂತು, ಪಡಸಾಲೆಯಲ್ಲಿ ತಮ್ಮ ಕುರ್ಚಿಯ ಮೇಲೆ ಕೂಡಿಸಿ, ತಾವೇ ಚಹಾ ಮಾಡಿ ತಂದರು. ಅವಳು ಆ ಕುರ್ಚಿಯ ಅಂಚಿಗೆ ಕುಳಿತು ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಸ್ವಲ್ಪ ಹಿಂದೆ ಸರಿದು ಬೆನ್ನು ಆನಿಸಿ ಕುಳಿತಳು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಚಹಾ ಕೆಟ್ಟೈತ್ರಿ."

ಅಷ್ಟು ವರ್ಷ ಆ ಮನೆಯಲ್ಲಿ ಇದ್ದವಳು ಅಕ್ಕೋರ ಒಂದು ವಸ್ತುವನ್ನೂ ಕೆಟ್ಟದ್ದು ಎಂದದ್ದನ್ನು ನಾನು ಕೇಳಿದ್ದಿಲ್ಲ. ಅಕ್ಕೋರು ಅವಳನ್ನೇ ನೋಡಿದರು. ಆಮೇಲೆ ಮೊಣಕಾಲು ಗಿಣಕಾಲು ಮರೆತು ಹಿತ್ತಲಿಗೆ ಓಡಿದರು. ನಮ್ಮ ಅಂಗಳದ ಮೇಲಿಂದ, ನಾನು ಒಣ ಹಾಕಿದ ಸಂಡಿಗೆಯ ಮೇಲಿಂದ, ಆಚೆಮನೆಯವರೆಗೆ ಕೇಳುವ ಹಾಗೆ ಕೂಗಿದರು.

"ಮಾಸ್ತರ! ಏ ಮಾಸ್ತರ! ನಮ್ಮ ಶಾಂತಾ ನನ್ನ ಚಹಾ ಕೆಟ್ಟೈತಿ ಅಂದ್ಲರಿ!"

"ಅದನ್ನ ನಾವು ದಿನಾ ಹೇಳಾಕತ್ತೇವಲ್ರಿ!" ಎಂದು ಆಚೆಯಿಂದ ಮಾಸ್ತರರ ದನಿ ಬಂತು.

"ನೀವು ಹೇಳಿದ್ರ ಏನ್ ಬಂತ್ರಿ! ಅಕಿ ಹೇಳಿದ್ಲು, ಅಕಿ!"